ನಿನ್ನೆ ರಾತ್ರಿ ಏನು ತಿಂದೆ

ಇಪ್ಪತ್ತೆರಡು ಪರದೆಗಳಲ್ಲಿ ಹದಿನಾರನೆಯದನ್ನು ಅವಳು ಒರೆಸುತ್ತಿದ್ದಳು. ಮೊದಲು ಒಣ ಬಟ್ಟೆ, ಆಮೇಲೆ ತುದಿಯನ್ನಷ್ಟೇ ನೆನೆಸಿ ಹಿಂಡಿದ ಬಟ್ಟೆ, ಮತ್ತೆ ಒಣ ಬಟ್ಟೆ. ಒಂದೊಂದು ಪರದೆಯ ಮೇಲೂ ಬೆರಳಿನ ಗುರುತುಗಳು ಒಂದೊಂದು ಬಗೆ. ಕಿಟಕಿ ಪಕ್ಕದ್ದರ ಮೇಲೆ ದಿನವೂ ಒಂದು ಮೂಗು ಒತ್ತಿದ ಗುರುತಿರುತ್ತಿತ್ತು. ಆ ಮೂಗು ಯಾರದೆಂದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಬಟ್ಟೆ ಗಾಜಿಗೆ ಉಜ್ಜುವ ಸಪ್ಪಳ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಎಲ್ಲ ಮುಗಿದ ಮೇಲೆ ಬಟ್ಟೆಗಳನ್ನು ಕಿಟಕಿಯ ಸರಳಿಗೆ ಹರವಿ, ಗೋಡೆಯ ದೊಡ್ಡ ಸ್ವಿಚ್ಚನ್ನು ಎರಡು ಕೈಯಿಂದ ಮೇಲೆತ್ತಿದಳು. ಯಂತ್ರಗಳೆಲ್ಲ ಒಟ್ಟಿಗೆ ಗುಂಯ್ ಎಂದು ಎದ್ದವು. ಈ ಸ್ವಿಚ್ಚಿನಿಂದಲೇ ಶಾಲೆಯ ಮಕ್ಕಳು ಅವಳಿಗೆ ಸ್ವಿಚ್ಚಕ್ಕ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ. ಎಂಟನೇ ತರಗತಿಗೆ ಓದು ಬಿಟ್ಟವಳು. ಅಮ್ಮ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು, ಎರಡು ವರ್ಷದಿಂದ ಈ ಶಾಲೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಗುಡಿಸುವುದು, ಒರೆಸುವುದು, ತಂತಿಗಳನ್ನು ಸಿಕ್ಕು ಬಿಡಿಸಿ ಇಡುವುದು. ಯಾರಾದರೂ ಮಾತಾಡಿಸಿದರೆ ಉತ್ತರ ಬಾಯಿಗೆ ಬರುವುದರೊಳಗೆ ಅವರು ಹೊರಟುಹೋಗಿರುತ್ತಿದ್ದರು. ಹಾಗಾಗಿ ಅವಳು ಹೆಚ್ಚು ನೋಡುತ್ತಿದ್ದಳು, ಕಡಿಮೆ ಮಾತಾಡುತ್ತಿದ್ದಳು.

ಮಕ್ಕಳಿಗೆ ಆ ಕೋಣೆಯಲ್ಲಿ ತುಂಬ ಇಷ್ಟವಾದದ್ದು ಗೊಂಬೆ ಪಾಠ. ಪುಸ್ತಕದಲ್ಲಿ ಅದಕ್ಕೆ ‘ಆಹಾರ ಮತ್ತು ವ್ಯಾಯಾಮ’ ಎಂದು ದೊಡ್ಡ ಹೆಸರಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಒಂದೊಂದು ಮಗುವಿಗೂ ಪರದೆಯೊಳಗೆ ಒಂದೊಂದು ಗೊಂಬೆ. ಮಗು ಬಂದು ಕೂತ ಕೂಡಲೇ ಗೊಂಬೆ ಕಣ್ಣು ಉಜ್ಜಿಕೊಂಡು ಎದ್ದು, “ನಿನ್ನೆ ರಾತ್ರಿ ಏನು ತಿಂದೆ?” ಎಂದು ಕೇಳುತ್ತಿತ್ತು. ಮಗು ಅನ್ನ, ಮೊಟ್ಟೆ, ಹಣ್ಣು, ಹಾಲು ಎಂದು ಚಿತ್ರಗಳನ್ನು ಮುಟ್ಟಬೇಕು. ಚಿತ್ರದಲ್ಲಿ ಇಲ್ಲದ್ದನ್ನು ಕೆಳಗಿನ ಚೌಕದಲ್ಲಿ ಬರೆಯಬೇಕು. ಆಮೇಲೆ ಎಷ್ಟು ಓಡಿದೆ, ಎಷ್ಟು ಹಾರಿದೆ ಎಂಬ ಲೆಕ್ಕ. ಅದಕ್ಕೆ ತಕ್ಕ ಹಾಗೆ ಗೊಂಬೆಯ ಕೆನ್ನೆ ತುಂಬುತ್ತಿತ್ತು, ಕಾಲಿಗೆ ಹೊಸ ಬೂಟು ಬರುತ್ತಿತ್ತು. ಒಬ್ಬ ಪೋರ ಚೌಕದಲ್ಲಿ ‘ಒಂದು ಆನೆ’ ಎಂದು ಬರೆದು, ಗೊಂಬೆಯ ಹೊಟ್ಟೆ ಉಬ್ಬುವುದನ್ನು ಕಾಯುತ್ತಾ ಕೂತಿದ್ದ. ಮುಂದಿನ ಅಪ್‌ಡೇಟಿನಲ್ಲಿ ಗೊಂಬೆ ಪಾಠ ಮಾಡಿಕೊಟ್ಟ ಕಂಪನಿಯವರು ಆನೆಯನ್ನು ಒಪ್ಪದ ಹಾಗೆ ಮಾಡಿದರು. ಅವನು ಒಂಟೆಗೆ ಬದಲಾಯಿಸಿಕೊಂಡ.

ಈ ಅಪ್‌ಡೇಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಇಪ್ಪತ್ತೆರಡೂ ಯಂತ್ರಗಳಿಗೆ ಅದನ್ನು ಹಾಕಿಸಿ, ಸರಿಯಾಗಿ ನಡೆಯುತ್ತದೋ ಎಂದು ಕೆಲವು ದಿನ ಪರೀಕ್ಷಿಸಬೇಕು. ಅದು ವ್ಯಾಯಾಮದ ಮೇಷ್ಟ್ರ ಕೆಲಸ. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಅವರಿಗೆ ಸೀಟಿ ಮೇಷ್ಟ್ರು ಎಂದೇ ಹೆಸರು. ಮಕ್ಕಳಿಗೆ ಮೈದಾನದ ಸುತ್ತ ಹತ್ತು ಸುತ್ತು ಹೇಳುತ್ತಿದ್ದ ಅವರು ಕಂಪ್ಯೂಟರ್ ಕೋಣೆಯ ಮೆಟ್ಟಿಲು ಹತ್ತಿದರೆ ಐದು ನಿಮಿಷ ಮಾತಾಡುತ್ತಿರಲಿಲ್ಲ. ಒಂದು ದಿನ ಹಾಗೇ ಹತ್ತಿ ಬಂದು, ಉಸಿರು ಸಿಕ್ಕ ಮೇಲೆ, ಆ ಕೆಲಸವನ್ನು ಅವಳ ಕೈಗೆ ದಾಟಿಸಿದರು. ಹೆಸರಿಲ್ಲದ ಒಂದು ಖಾತೆಯಿದೆ, ಪರೀಕ್ಷೆಗೆಂದೇ ಇರುವುದು, ದಿನವೂ ಬೆಳಗ್ಗೆ ಅದರಲ್ಲಿ ಮಗುವಿನ ಹಾಗೆ ಏನಾದರೂ ತುಂಬು, ಎಲ್ಲಿಯಾದರೂ ನಿಂತುಹೋದರೆ ನನಗೆ ಹೇಳು ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, ಯಾವುದನ್ನೂ ಅಳಿಸಬೇಡ, ಏನು ಕೇಳಿದರೂ ಅಳಿಸಬೇಡ ಎಂದರು. ಹಿಂದೊಮ್ಮೆ ಅವರೇ ಒಂದು ಇಡೀ ತರಗತಿಯ ಖಾತೆಗಳನ್ನು ಅಳಿಸಿ ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ ಕೈಲಿ ಅನ್ನಿಸಿಕೊಂಡಿದ್ದರು.

ಮೊದಲ ವಾರ ಅವಳು ಚೆನ್ನಾಗಿ ಉಣ್ಣುವ ಮನೆಯ ಮಗುವಾದಳು. ಹಾಲು, ಮೊಟ್ಟೆ, ಎರಡು ಬಗೆ ಹಣ್ಣು. ಗೊಂಬೆ ಕುಣಿಯಿತು. ಎಂಟನೇ ದಿನ, ಅದದೇ ಚಿತ್ರಗಳನ್ನು ಮುಟ್ಟುವುದನ್ನು ನೋಡಿ ಗೊಂಬೆ ತಲೆ ಓರೆ ಮಾಡಿ, “ನಿಜ ಹೇಳು, ನಮ್ಮಿಬ್ಬರಲ್ಲೇ ಇರಲಿ” ಎಂದಿತು. ಅದು ಸುಳ್ಳು ಬರೆಯುವ ಮಕ್ಕಳಿಗೆಂದು ಕಂಪನಿಯವರು ಸೇರಿಸಿದ್ದ ಮಾತು. ಆದರೆ ಬೆಳಗಿನ ಆ ಹೊತ್ತಿನಲ್ಲಿ ಕೋಣೆಯಲ್ಲಿ ಮತ್ಯಾರೂ ಇರಲಿಲ್ಲ. ಗೊಂಬೆ ಅವಳನ್ನೇ ನೋಡುತ್ತಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಕೆಳಗಿನ ಚೌಕದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದಳು. ‘ಬಿಸ್ಕತ್ತು ಎರಡು. ಬಿಸಿನೀರು.’

ಅದು ನಿಜವಾಗಿತ್ತು.

ಯಾರೂ ಅವಳನ್ನು ಹಸಿವಿಗೆ ದೂಡಿರಲಿಲ್ಲ. ಎರಡು ಸುಳ್ಳು ಹೇಳಿ ತಾನೇ ನಡುವೆ ಸಿಕ್ಕಿಕೊಂಡಿದ್ದಳು. ಅಣ್ಣನ ಮನೆಯಲ್ಲಿ ಮೂರು ಮಕ್ಕಳು. ಬಂದ ಹೊಸದರಲ್ಲಿ ಒಂದು ರಾತ್ರಿ ಅತ್ತಿಗೆ ಎಲ್ಲರಿಗೂ ಬಡಿಸಿ ಕೊನೆಗೆ ಇವಳ ತಟ್ಟೆಯ ಹತ್ತಿರ ಬಂದಾಗ, ಸೌಟು ಪಾತ್ರೆಯ ತಳಕ್ಕೆ ತಾಗಿ ಕರ್ರ್ ಎಂದಿತ್ತು. ಅತ್ತಿಗೆ ಏನೂ ಅಂದಿರಲಿಲ್ಲ. ಮುಖವನ್ನೂ ಸಿಂಡರಿಸಿರಲಿಲ್ಲ. ಆದರೆ ಆ ಸದ್ದು ಇವಳ ಕಿವಿಯಲ್ಲಿ ಉಳಿಯಿತು. ಶಾಲೆಯಲ್ಲಿ ಕೆಲಸ ಸಿಕ್ಕ ದಿನವೇ, ಮಧ್ಯಾಹ್ನದ್ದೂ ರಾತ್ರಿಯದ್ದೂ ನನಗೆ ಅಲ್ಲೇ ಆಗುತ್ತೆ ಅತ್ತಿಗೆ, ಆಟದ ಮಕ್ಕಳಿಗೆ ಐದು ಗಂಟೆಗೆ ಊಟ ಕೊಡ್ತಾರೆ, ನಮಗೂ ಕೊಡ್ತಾರೆ ಎಂದುಬಿಟ್ಟಳು. ಕೊಡುತ್ತಿದ್ದುದು ನಿಜವೇ. ಆದರೆ ಮೊದಲ ದಿನ ಶಾಲೆಯ ಅಡುಗೆಯಕ್ಕ ತಟ್ಟೆ ಹಿಡಿದು ಕರೆದಾಗ, ಮೇಷ್ಟ್ರುಗಳೆಲ್ಲ ಮನೆಯಿಂದ ತಂದ ಡಬ್ಬಿ ಬಿಚ್ಚಿ ಕೂತಿದ್ದರು. ಕೈ ಒಡ್ಡಿ ನಿಲ್ಲುವವಳು ಅವಳೊಬ್ಬಳೇ ಆಗುತ್ತಿದ್ದಳು. ಬೇಡ ಅಕ್ಕ, ಡಬ್ಬಿ ತಂದಿದ್ದೀನಿ ಎಂದಳು. ಮಾರನೆಯ ದಿನವೂ ಹಾಗೇ ಅನ್ನಬೇಕಾಯಿತು. ಮೂರನೆಯ ದಿನದಿಂದ ಖಾಲಿ ಡಬ್ಬಿಯೊಂದು ಕಂಪ್ಯೂಟರ್ ಕೋಣೆಯ ಬೀರುವಿನಲ್ಲಿ ಕೂತಿತು. ಮಧ್ಯಾಹ್ನ ಅದನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕೈಯಲ್ಲಿ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಬೆಳಗಿನ ಚಹ ಮತ್ತು ಎರಡು ತುಂಡು ಬ್ರೆಡ್ಡಿನ ಮೇಲೆ ಇಡೀ ದಿನ ಸಾಗಬೇಕಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಸ್ವಲ್ಪ ಬೇರೆ. ಆ ಮೂರು ದಿನ ಸಣ್ಣ ಮಕ್ಕಳಿಗೆ ಬ್ರೆಡ್ಡು ಕೊಡುತ್ತಿದ್ದರು. ಗಟ್ಟಿ ಅಂಚನ್ನು ಮಕ್ಕಳು ಉಗಿಯುತ್ತವೆಂದು ಅಡುಗೆಯಕ್ಕ ಅಂಚುಗಳನ್ನೆಲ್ಲ ಕತ್ತರಿಸಿ, ತನ್ನ ಮನೆಯ ಕೋಳಿಗಳಿಗೆಂದು ಒಂದು ತಗಡಿನ ಡಬ್ಬದಲ್ಲಿ ತುಂಬಿ, ಅಡುಗೆಮನೆಯ ಹಿಂಬಾಗಿಲ ಹತ್ತಿರ ಇಡುತ್ತಿದ್ದಳು. ಕಂಪ್ಯೂಟರ್ ಕೋಣೆಗೆ ನೀರು ತರಲು ಹೋಗುವ ದಾರಿ ಅದೇ. ಡಬ್ಬದ ಮುಚ್ಚಳ ಸದ್ದು ಮಾಡದ ಹಾಗೆ ತೆಗೆಯಲು ಮೊದಲು ಎಡಗಡೆ ಒತ್ತಬೇಕು. ಡಬ್ಬ ಹಗುರವಾಗಿದೆ ಎಂದು ಅಡುಗೆಯಕ್ಕ ಒಂದೆರಡು ಸಲ ಗಟ್ಟಿಯಾಗಿ ನಕ್ಕು, ಈ ಶಾಲೆಯ ಇಲಿಗೆ ಕೈಬೆರಳುಗಳಿವೆ, ಮುಚ್ಚಳ ಹಾಕಿ ಹೋಗುವಷ್ಟು ಮರ್ಯಾದೆಯೂ ಇದೆ ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಸ್ವಿಚ್ಚಕ್ಕನೂ ನಕ್ಕಿದ್ದಳು.

ಅದನ್ನೂ ಅವಳು ಗೊಂಬೆಗೆ ಬರೆದಳು. ‘ಬ್ರೆಡ್ಡಿನ ಅಂಚು, ಎಂಟು.’ ‘ಏನೂ ಇಲ್ಲ. ತಲೆನೋವು ಅಂತ ಮಲಗಿದೆ.’ ‘ಬಿಸ್ಕತ್ತು ಒಂದು.’ ಪರೀಕ್ಷೆ ಮುಗಿದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಗೊಂಬೆಯ ಕೆನ್ನೆ ಒಳಗೆ ಹೋಯಿತು, ಬಣ್ಣ ಬೂದಿಯಾಯಿತು, ಬೂಟು ಹೋಗಿ ಬರಿಗಾಲಾಯಿತು. ಆದರೂ ಅದು ದಿನವೂ ತಪ್ಪದೆ ಕೇಳುತ್ತಿತ್ತು. ಇಡೀ ದಿನದಲ್ಲಿ ಹಾಗೆ ಕೇಳುತ್ತಿದ್ದುದು ಅದೊಂದೇ.

ಹೊಸ ಅಪ್‌ಡೇಟು ಬಂದದ್ದು ಒಂದು ಶುಕ್ರವಾರ ಸಂಜೆ. ನೀಲಿ ಪಟ್ಟಿ ನಿಧಾನಕ್ಕೆ ತುಂಬುತ್ತಾ ತುಂಬುತ್ತಾ ಕೊನೆಯ ಯಂತ್ರದಲ್ಲಿ ನಿಂತಿತು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಹೆಸರಿಲ್ಲದ ಖಾತೆಯೊಂದಿದೆ, ಅಳಿಸಬೇಕೇ, ಯಾರಿಗಾದರೂ ಸೇರಿಸಬೇಕೇ? ಅವಳು ಅದನ್ನು ಮೂರು ಸಲ ಓದಿದಳು. ಅಳಿಸಬೇಡ ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಹೇಳದಿದ್ದರೂ ಅವಳಿಗೆ ಅಳಿಸಲು ಮನಸ್ಸಿರಲಿಲ್ಲ. ಸೇರಿಸು ಎಂಬುದನ್ನು ಮುಟ್ಟಿದಳು. ಯಂತ್ರವೇ ಒಂದು ಹೆಸರನ್ನು ಮುಂದೆ ಮಾಡಿತು. ಹೋದ ವಾರವಷ್ಟೇ ಪಕ್ಕದ ವಿಭಾಗದಿಂದ ಬಂದ ಹುಡುಗಿಯೊಬ್ಬಳದು, ಹಳೆಯ ಬರಹ ಸೇರದೆ ಇನ್ನೂ ಖಾಲಿಯಿದ್ದ ಖಾತೆ. ಅವಳು ಅಡುಗೆಯಕ್ಕನ ಮಗಳು. ಒಂದೆರಡು ದಿನಕ್ಕೆ ಪಕ್ಕದ ಮನೆಯಲ್ಲಿ ಪೆಟ್ಟಿಗೆ ಇಟ್ಟ ಹಾಗೆ, ಸೋಮವಾರ ಮೇಷ್ಟ್ರನ್ನು ಕೇಳಿ ವಾಪಸ್ ತೆಗೆದರಾಯಿತು ಎಂದುಕೊಂಡು ಅವಳು ‘ಹೌದು’ ಒತ್ತಿದಳು. ನೀಲಿ ಪಟ್ಟಿ ತುಂಬಿತು. ಗೊಂಬೆ ಹೊಸ ಟೋಪಿ ಹಾಕಿಕೊಂಡು ಎದ್ದಿತು. ನಿನ್ನೆ ರಾತ್ರಿ ಏನು ತಿಂದೆ ಎಂದು ಕೇಳಿತು. ‘ನಮ್ಮಿಬ್ಬರಲ್ಲೇ ಇರಲಿ’ ಎಂಬ ಮಾತನ್ನು ಈ ಸಲ ತೆಗೆದಿದ್ದರು. ಅವಳು ಅದನ್ನು ಗಮನಿಸಿದಳು, ಯಾಕೆಂದು ಯೋಚಿಸಲಿಲ್ಲ.

ಸೋಮವಾರ ಬೆಳಗ್ಗೆಯೇ ಪೋಷಕರ ಸಭೆಯೆಂದು ಅವಳಿಗೆ ಗೊತ್ತಿರಲಿಲ್ಲ. ದೊಡ್ಡ ಕೋಣೆಯ ಗೋಡೆಗೆ ಬಿಳಿ ಪರದೆ ಇಳಿಬಿಟ್ಟು, ಹೊಸ ಅಪ್‌ಡೇಟಿನ ವಿಶೇಷವನ್ನು ತೋರಿಸಲು ದೊಡ್ಡ ಮೇಡಂ ತಾವೇ ನಿಂತಿದ್ದರು. ಇನ್ನು ಮೇಲೆ ಮಕ್ಕಳ ಬರಹವೆಲ್ಲ ಒಂದೇ ಕಡೆ ಕಾಣುತ್ತದೆ, ಗಮನ ಬೇಕಾದ ಮಗುವನ್ನು ಅದೇ ಹುಡುಕಿ ಕೊಡುತ್ತದೆ ಎಂದರು. ಗೊಂಬೆಗಳು ಸಾಲಾಗಿ ಪರದೆಯ ಮೇಲೆ ನಡೆದು ಬಂದವು. ಪೋಷಕರು ತಮ್ಮ ತಮ್ಮ ಮಕ್ಕಳ ಗೊಂಬೆ ನೋಡಿ ನಕ್ಕರು, ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಕೆಂಪು ಚೌಕಟ್ಟಿನೊಳಗೆ ಒಂದು ಬೂದು ಬಣ್ಣದ ಗೊಂಬೆ, ಬರಿಗಾಲಲ್ಲಿ, ತಲೆ ತಗ್ಗಿಸಿಕೊಂಡು ಬಂದು ನಿಂತಿತು. ಅದರ ಕೆಳಗೆ ಅಡುಗೆಯಕ್ಕನ ಮಗಳ ಹೆಸರು. ಪಕ್ಕದಲ್ಲಿ ಒಂದರ ಕೆಳಗೊಂದು ಸಾಲುಗಳು. ‘ಬ್ರೆಡ್ಡಿನ ಅಂಚು, ಎಂಟು.’ ‘ಬಿಸ್ಕತ್ತು ಎರಡು. ಬಿಸಿನೀರು.’ ‘ಏನೂ ಇಲ್ಲ.’

ನಗು ಒಂದು ಕಡೆಯಿಂದ ನಿಲ್ಲುತ್ತಾ ಬಂತು. ದೊಡ್ಡ ಮೇಡಂ ಅವಸರದಲ್ಲಿ ಮುಂದಿನ ಚಿತ್ರಕ್ಕೆ ಹೋಗಲು ನೋಡಿದರು, ಯಂತ್ರ ಅಲ್ಲೇ ಸಿಕ್ಕಿಕೊಂಡಿತು. ಅಡುಗೆಯಕ್ಕ ಹಿಂದಿನ ಬಾಗಿಲ ಹತ್ತಿರ, ಎಲ್ಲರಿಗೂ ಚಹ ತಂದ ತಟ್ಟೆಯನ್ನು ಹಿಡಿದು ನಿಂತಿದ್ದಳು. ಲೋಟಗಳು ಒಂದಕ್ಕೊಂದು ತಾಗುವ ಸಣ್ಣ ಸದ್ದು ಕೇಳಿತು.

ಸ್ವಿಚ್ಚಕ್ಕ ಗೋಡೆಯ ಪಕ್ಕ, ಪರದೆಗೆ ಚಿತ್ರ ಬಿಡುವ ಯಂತ್ರದ ತಂತಿ ಹಿಡಿದು ನಿಂತಿದ್ದಳು. ಕಿತ್ತುಬಿಟ್ಟರೆ ಪರದೆ ಕತ್ತಲಾಗುತ್ತಿತ್ತು. ಕೈಯಲ್ಲಿ ಕೀಳುವಷ್ಟು ಬಲವಿತ್ತು. ಆದರೆ ಆಗ ಎಲ್ಲರೂ ತಿರುಗಿ ಅವಳನ್ನು ನೋಡುತ್ತಿದ್ದರು. ಮೂರನೇ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು, ಚಿಕ್ಕ ಮಗ ಇದೇ ಶಾಲೆಯಲ್ಲಿ ಓದುತ್ತಿದ್ದ. ಅತ್ತಿಗೆ ಬಾಯಿಗೆ ಕೈ ಇಟ್ಟುಕೊಂಡು ಪಕ್ಕದವಳ ಕಡೆ ಬಾಗಿ ಹೇಳಿದ್ದು ಇವಳಿಗೆ ಸ್ಪಷ್ಟವಾಗಿ ಕೇಳಿತು.

“ಅಯ್ಯೋ ಪಾಪ. ಒಂದೇ ಮನೇಲಿದ್ದೂ ಗೊತ್ತಾಗಲ್ವೇನ್ರೀ, ಮಗು ಉಂಡಿದೆಯೋ ಇಲ್ವೋ ಅಂತ?”

ಆ ರಾತ್ರಿ ಅತ್ತಿಗೆ ತನ್ನ ಮೂರೂ ಮಕ್ಕಳಿಗೆ ಒಂದೊಂದು ಸೌಟು ಹೆಚ್ಚಿಗೆ ಹಾಕಿದಳು. ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದಳು, ಆ ಗೊಂಬೆಯ ಮುಖ ನೆನೆಸಿಕೊಂಡರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ, ಬಟ್ಟೆ ಮಡಚುತ್ತಿದ್ದ ಇವಳ ಕಡೆ ತಿರುಗಿ, ನಿಂದು ಅಲ್ಲೇ ಆಯ್ತಲ್ವಾ ಎಂದು ಕೇಳಿದಳು. ಆಯ್ತು ಅತ್ತಿಗೆ ಎಂದಳು.

ಮಾರನೆಯ ದಿನ ಅಡುಗೆಮನೆಯಲ್ಲಿ ಬೇರೆಯವಳಿದ್ದಳು. ಊರಿನ ಮಕ್ಕಳಿಗೆಲ್ಲ ಬಡಿಸುವವಳು ಹೆತ್ತ ಮಗಳಿಗೆ ಬಡಿಸುವುದಿಲ್ಲ ಎಂದು ನಾಲ್ಕು ಜನ ಪೋಷಕರು ಹೇಳಿದ್ದರಂತೆ. ಶಾಲೆಯ ಅಡುಗೆ ಎಲ್ಲಿಗೆ ಹೋಗುತ್ತದೋ ನೋಡಬೇಕು ಎಂದು ಇನ್ನೊಬ್ಬರು ಸೇರಿಸಿದ್ದರಂತೆ. ವಿಚಾರಿಸುವ ತನಕ ಬರಬೇಡ ಎಂದು ದೊಡ್ಡ ಮೇಡಂ ಹೇಳಿದ್ದಾಯಿತು. ಆಯಿತು ಮೇಡಂ ಎಂದು ಅಡುಗೆಯಕ್ಕ ಕೀಲಿ ಮೇಜಿನ ಮೇಲಿಟ್ಟು ಹೋದಳಂತೆ. ಅಷ್ಟು ದೊಡ್ಡ ಗಂಟಲಿನ ಹೆಂಗಸು ಒಂದು ಮಾತೂ ಎತ್ತಲಿಲ್ಲವೆಂದು ಜವಾನ ಆಶ್ಚರ್ಯಪಟ್ಟ. ತಪ್ಪಿದ್ದಕ್ಕೇ ಸುಮ್ಮನಿದ್ದಾಳೆ ಎಂದು ಒಬ್ಬ ಟೀಚರು ತೀರ್ಮಾನ ಕೊಟ್ಟರು.

ಆ ಟೀಚರು ಮಾತಾಡುವಾಗ ಸ್ವಿಚ್ಚಕ್ಕ ಅಲ್ಲೇ ಕಪಾಟಿನ ಧೂಳು ಒರೆಸುತ್ತಿದ್ದಳು. ಈಗ ಹೇಳುತ್ತೇನೆ, ಈ ಅರೆ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡು ಒಂದೊಂದೇ ಅರೆ ಒರೆಸಿದಳು. ಆರು ಅರೆಗಳಿದ್ದವು. ಆರನೆಯದೂ ಮುಗಿಯಿತು. ಅದು ನನ್ನ ಖಾತೆ ಎಂದರೆ, ಬಿಸ್ಕತ್ತು ಯಾಕೆ, ನಿಮ್ಮ ಮನೆಯಲ್ಲಿ ಊಟ ಇಲ್ಲವೇ ಎನ್ನುತ್ತಾರೆ. ಅಂಚು ಎಲ್ಲಿಂದ ಎನ್ನುತ್ತಾರೆ. ಸಂಜೆ ಗೇಟಿನ ಹತ್ತಿರ ಅತ್ತಿಗೆಯನ್ನು ನಿಲ್ಲಿಸಿ ಕೇಳುತ್ತಾರೆ. ಅವಳು ಬಟ್ಟೆ ಕೊಡವಿ ಹೊರಗೆ ಬಂದಳು.

ಅಡುಗೆಯಕ್ಕನ ಮಗಳನ್ನು ಎಲ್ಲರೂ ಗಾಳಿಪಟ ಎಂದು ಕರೆಯುತ್ತಿದ್ದರು. ಹತ್ತು ವರ್ಷದ ಹುಡುಗಿ, ಎಷ್ಟು ಉಂಡರೂ ಮೈಗೆ ಹತ್ತದವಳು, ಓಟದಲ್ಲಿ ಅವಳ ಮುಂದೆ ಯಾರೂ ಇಲ್ಲ. ಕಿಟಕಿ ಪಕ್ಕದ ಪರದೆಗೆ ಮೂಗು ಒತ್ತಿ ಗೊಂಬೆಯ ಹತ್ತಿರ ಗುಟ್ಟು ಮಾತಾಡುತ್ತಿದ್ದವಳು ಅವಳೇ. ಬುಧವಾರ ಪಾಠ ಮುಗಿದು ಎಲ್ಲರೂ ಹೋದ ಮೇಲೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಬೂದು ಗೊಂಬೆಯನ್ನು ಬೆರಳಿನಿಂದ ಸವರುತ್ತಾ ಕೂತಿದ್ದಳು.

“ಸ್ವಿಚ್ಚಕ್ಕ, ಇದನ್ನ ನಾನು ಬರ್ದಿಲ್ಲ. ಅಮ್ಮ ನಂಬಲ್ಲ. ನಿಮ್ಮ ಯಂತ್ರ ಸುಳ್ಳು ಹೇಳುತ್ತಾ?”

ಯಂತ್ರ ಅಲ್ವಾ, ಒಂದೊಂದು ಸಲ ಹೀಗಾಗುತ್ತೆ ಎಂದಳು ಸ್ವಿಚ್ಚಕ್ಕ. ಅವಳ ದನಿ ಅವಳಿಗೇ ಬೇರೆಯವರದು ಅನ್ನಿಸಿತು. ಗಾಳಿಪಟ ಪರದೆಯಿಂದ ಬೆರಳು ತೆಗೆದು, ಅಮ್ಮ ಎರಡು ರಾತ್ರಿಯಿಂದ ಮೂರು ಮೂರು ತಟ್ಟೆ ತಿನ್ನಿಸುತ್ತಾಳೆ, ಬೆಳಗ್ಗೆಯೂ ಹಾಗೇ, ಮುಗಿಸುವ ತನಕ ಎದುರಿಗೇ ಕೂತಿರುತ್ತಾಳೆ ಎಂದಳು. ಹೊಟ್ಟೆ ನೋಯುತ್ತೆ ಅಂದರೆ, ಹಾಗಾದರೆ ಅಂಚು ಯಾಕೆ ತಿಂದೆ ಹೇಳು ಎಂದು ಅಳುತ್ತಾಳಂತೆ. ಮಗಳಿಗೆ ಹೇಳಲು ಏನೂ ಇರಲಿಲ್ಲ, ಹಾಗಾಗಿ ತಿನ್ನುತ್ತಿದ್ದಳು.

“ಅಮ್ಮ ಮಾತ್ರ ತಿನ್ತಾನೇ ಇಲ್ಲ,” ಎಂದು ಹೇಳಿ ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಅವಳು ಹೋದ ಮೇಲೆ ಪರದೆಯ ಮೇಲೆ ಮೂಗಿನ ಗುರುತಿರಲಿಲ್ಲ.

ಗುರುವಾರ ಸಂಜೆ ಓಟದ ಆಯ್ಕೆ. ಗಾಳಿಪಟ ಆಯ್ಕೆಯಾಗುತ್ತಾಳೆಂದು ಯಾರಿಗೂ ಅನುಮಾನವಿರಲಿಲ್ಲ. ಮೇಷ್ಟ್ರು ಸೀಟಿ ಊದಿದರು. ಕಂಪ್ಯೂಟರ್ ಕೋಣೆಯ ಕಿಟಕಿಯಿಂದ ಸ್ವಿಚ್ಚಕ್ಕ ನೋಡುತ್ತಿದ್ದಳು. ಹುಡುಗಿ ಮೊದಲ ತಿರುವಿನವರೆಗೆ ಎಲ್ಲರಿಗಿಂತ ಮುಂದಿದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಇನ್ನೂ ನಾಲ್ಕು ಹೆಜ್ಜೆ ಓಡಿ ಮೊಣಕಾಲೂರಿ ಗೆರೆಯ ಮೇಲೇ ವಾಂತಿ ಮಾಡಿಕೊಂಡಳು. ಉಳಿದವರು ಅವಳನ್ನು ಬಳಸಿಕೊಂಡು ಓಡಿದರು. ಯಾರೋ ನಕ್ಕರು. ಹಸಿದವಳು ಒಂದೇ ಸಲ ಕಂಡಾಪಟ್ಟೆ ತಿಂದರೆ ಹೀಗೇ ಆಗುವುದು ಎಂದು ಇನ್ಯಾರೋ ತಿಳಿದವರ ಹಾಗೆ ಹೇಳಿದರು.

ಸ್ವಿಚ್ಚಕ್ಕನಿಗೆ ತಾನು ಮೆಟ್ಟಿಲಿಳಿದದ್ದು ನೆನಪಿಲ್ಲ. ಮೈದಾನದ ನಡುವೆ ನಿಂತಿದ್ದಾಗ ಕೈಯಲ್ಲಿ ಇನ್ನೂ ಒದ್ದೆ ಬಟ್ಟೆಯಿತ್ತು. ಮೇಷ್ಟ್ರು ಹುಡುಗಿಯ ಮುಖ ತೊಳೆಯುತ್ತಿದ್ದರು. ಸುತ್ತ ಮಕ್ಕಳ ಗುಂಪು.

“ಸರ್, ಆ ಖಾತೆ ಇವಳದಲ್ಲ,” ಎಂದಳು. “ಪರೀಕ್ಷೆಯ ಖಾತೆ. ಅಪ್‌ಡೇಟ್ ಹಾಕೋವಾಗ ನಾನೇ ಇವಳಿಗೆ ಸೇರಿಸ್ಬಿಟ್ಟೆ. ಇವಳು ಏನೂ ಬರ್ದಿಲ್ಲ. ನಾನು ಬರ್ದಿದ್ದು.”

ಮೇಷ್ಟ್ರು ಕೂತಲ್ಲಿಂದಲೇ ತಲೆಯೆತ್ತಿ ನೋಡಿದರು. ಅವಳು ಒಂದೇ ಸಲ ಅಷ್ಟು ಮಾತಾಡಿದ್ದನ್ನು ಅವರು ಈ ಎರಡು ವರ್ಷದಲ್ಲಿ ಕೇಳಿರಲಿಲ್ಲ.

“ಅಂದ್ರೆ ಅದೆಲ್ಲ ಸುಮ್ನೆ ಏನೋ ತುಂಬ್ಸಿದ್ದಾ?”

ದಾರಿ ಎದುರಿಗೇ ತೆರೆದುಕೊಂಡಿತು. ಒಂದೇ ಮಾತು. ಆ ಒಂದು ಮಾತಿನಿಂದ ಅಡುಗೆಯಕ್ಕನ ಹೆಸರು ಉಳಿಯುತ್ತಿತ್ತು, ಅತ್ತಿಗೆಯ ಹೆಸರು ಉಳಿಯುತ್ತಿತ್ತು, ತನ್ನದೂ ಹೆಚ್ಚೇನೂ ಹೋಗುತ್ತಿರಲಿಲ್ಲ.

“ಹೂಂ ಸರ್. ಸುಮ್ನೆ.”

“ಅಲ್ಲಮ್ಮ, ತುಂಬ್ಸೋದೇ ಆದ್ರೆ ಹಾಲು ಮೊಟ್ಟೆ ಅಂತ ತುಂಬ್ಸೋಕೆ ಏನಾಗಿತ್ತು? ಪುಕ್ಕಟೆ ತಾನೆ?”

ಗಾಳಿಪಟ ಒದ್ದೆ ಮುಖದಲ್ಲಿ ಅವಳನ್ನೇ ನೋಡುತ್ತಿದ್ದಳು. ಮಕ್ಕಳು ನಕ್ಕವು. ಮೇಷ್ಟ್ರೂ ನಕ್ಕರು, ಆದರೆ ಕೋಪವೂ ಇತ್ತು. ದೊಡ್ಡ ಮೇಡಂ ಕೋಣೆಯಲ್ಲಿ ನಗು ಇರಲಿಲ್ಲ, ಕೋಪ ಮಾತ್ರ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಮೂರು ಸಲ ಕೇಳಿದರು. ಅವಳು ಮೇಜಿನ ಅಂಚು ನೋಡುತ್ತಾ ನಿಂತಳು. ತಿಳುವಳಿಕೆಯಿಲ್ಲದವಳ ಕೈಗೆ ಇಂಥ ಕೆಲಸ ಕೊಟ್ಟದ್ದು ತಪ್ಪು ಎಂದು ಮೇಡಂ ಮೇಷ್ಟ್ರಿಗೆ ಹೇಳಿದರು. ನಾಳೆಯಿಂದ ಒರೆಸುವುದಷ್ಟೇ ಸಾಕು ಎಂದರು. ಆಗಲಿ ಎಂದು ತಲೆಯಾಡಿಸಿದಳು. ಇಷ್ಟರಲ್ಲೇ ಮುಗಿಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೇ ಆಮೇಲೆ ಇನ್ನಷ್ಟು ನಾಚಿಕೆಯಾಯಿತು.

ಶುಕ್ರವಾರ ಬೆಳಗ್ಗೆ ಎಲ್ಲ ಮಕ್ಕಳೆದುರು ದೊಡ್ಡ ಮೇಡಂ ತಪ್ಪನ್ನು ಒಪ್ಪಿಕೊಂಡರು. ಆ ಬರಹವೆಲ್ಲ ಸುಳ್ಳು, ಪರೀಕ್ಷೆಗೆಂದು ತುಂಬಿಸಿದ್ದು ಎಂದರು. ಅಡುಗೆಯಕ್ಕನ ಕೈಗೆ ಕೀಲಿ ಕೊಟ್ಟು, ಜೊತೆಗೆ ಆ ಬರಹ ಅಚ್ಚಾಗಿದ್ದ ಎರಡು ಹಾಳೆಗಳನ್ನೂ ಕೊಟ್ಟು, ನೀನೇ ಹರಿದು ಹಾಕು ಎಂದರು. ಅಡುಗೆಯಕ್ಕ ಹರಿಯಲಿಲ್ಲ. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಲಿನ ಕೊನೆಯಲ್ಲಿ ನಿಂತಿದ್ದ ಸ್ವಿಚ್ಚಕ್ಕನ ಕಡೆ ನೋಡಲಿಲ್ಲ. ಆ ದಿನ ಅಡುಗೆಮನೆಯಿಂದ ಅವಳ ದೊಡ್ಡ ನಗುವೂ ಕೇಳಲಿಲ್ಲ.

ಮಧ್ಯಾಹ್ನ ಸ್ವಿಚ್ಚಕ್ಕ ಖಾಲಿ ಡಬ್ಬಿ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿಗೂ ಇಳಿಯಲಿಲ್ಲ. ಎಲ್ಲರ ಊಟ ಮುಗಿದು, ಪಾತ್ರೆಗಳ ಸದ್ದೂ ಅಡಗಿದ ಮೇಲೆ ಗಾಳಿಪಟ ಬಂದು ಬಾಗಿಲು ತಟ್ಟಿ, ಅಮ್ಮ ಕರೀತಾಳೆ ಎಂದು ಹೇಳಿ, ಇವಳು ಏಳುವ ತನಕ ಅಲ್ಲೇ ನಿಂತಿದ್ದಳು.

ಅಡುಗೆಮನೆಯಲ್ಲಿ ಅಡುಗೆಯಕ್ಕ ಸಂಜೆಯ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ತಗಡಿನ ಡಬ್ಬ ಹಿಂಬಾಗಿಲ ಹತ್ತಿರ ಇರಲಿಲ್ಲ. ಮುಚ್ಚಳ ತೆರೆದು ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ಮಡಿಕೆ ಬಿಡಿಸಿದ ಎರಡು ಹಾಳೆಗಳು, ಗಾಳಿಗೆ ಹಾರದ ಹಾಗೆ ಅವುಗಳ ಮೇಲೆ ಉಪ್ಪಿನ ಭರಣಿ. ಸ್ವಿಚ್ಚಕ್ಕ ಹೊಸ್ತಿಲ ಹತ್ತಿರವೇ ನಿಂತಳು. ತಪ್ಪಾಯ್ತು ಎಂದು ಹೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಡಬ್ಬ ನೋಡಿದ ಕೂಡಲೇ ಮರೆತುಹೋಯಿತು.

ಅಡುಗೆಯಕ್ಕ ಚಾಕು ಕೆಳಗಿಟ್ಟಳು. ಬ್ರೆಡ್ಡಿನ ಪುಡಿ ಅಂಟಿದ ಬೆರಳನ್ನು ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಾ, ತನಗೇ ಓದಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದಳು.

“ನಾನು ಅಂಚು ಕತ್ತರಿಸೋದು ಸೋಮವಾರ, ಬುಧವಾರ, ಶುಕ್ರವಾರ. ಇದರಲ್ಲೂ ಅಂಚು ಇರೋದು ಸೋಮವಾರ, ಬುಧವಾರ, ಶುಕ್ರವಾರದ ರಾತ್ರಿಗೇ. ಬೇರೆ ದಿನ ಒಂದೂ ಇಲ್ಲ. ಸುಮ್ನೆ ತುಂಬ್ಸೋರಿಗೆ ಇಷ್ಟು ನೆನಪಿರಲ್ಲ ಕಣೇ.”

ಸ್ವಿಚ್ಚಕ್ಕನ ಕಿವಿ ಸುಡುತ್ತಿತ್ತು. ಇಲಿಯ ಮಾತಿಗೆ ತಾನು ಎಲ್ಲರ ಜೊತೆ ನಕ್ಕದ್ದು, ಆಗ ಅಡುಗೆಯಕ್ಕ ತನ್ನ ಮುಖ ನೋಡಿ ಇನ್ನಷ್ಟು ನಕ್ಕದ್ದು ನೆನಪಾಯಿತು.

“ಎರಡು ವರ್ಷದಿಂದ ದಿನಾ ಕರೀತಿದ್ದೆ,” ಎಂದಳು ಅಡುಗೆಯಕ್ಕ. “ನೀನು ಡಬ್ಬಿ ತಂದಿದ್ದೀನಿ ಅಂತಿದ್ದೆ. ಒಂದು ದಿನಾನೂ ನಾನು ಆ ಡಬ್ಬಿ ತೆಗ್ದು ನೋಡ್ಲಿಲ್ಲ ನೋಡು.”

ಆಮೇಲೆ ಅವಳು ಗೋಡೆಯ ಮೊಳೆಯಿಂದ ಒಂದು ತಟ್ಟೆ ತೆಗೆದು ತೊಳೆದಳು, ಒರೆಸಿದಳು. ಒಲೆಯ ಮೇಲಿನ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು. ಪಾತ್ರೆ ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು, ಸೌಟು ಒಳಗೆ ಹೋಗಿ ಬಂದದ್ದೇ ಕೇಳಲಿಲ್ಲ. ಅನ್ನ, ಅದರ ಮೇಲೆ ಬೇಳೆ, ಪಕ್ಕದಲ್ಲಿ ಬೇಯಿಸಿದ ತರಕಾರಿ, ಒಂದು ಮೊಟ್ಟೆ. ತಟ್ಟೆಯನ್ನು ಮೇಜಿನ ಮೇಲೆ, ಹಾಳೆಗಳನ್ನು ಸರಿಸಿದ ಜಾಗದಲ್ಲಿ ಇಟ್ಟಳು. ಗಾಳಿಪಟ ಓಡಿಹೋಗಿ ಸ್ಟೂಲು ತಂದು ಹಾಕಿ, ತಾನು ಹೊಸ್ತಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಳು.

ಮೊದಲ ತುತ್ತು ಬಾಯಲ್ಲೇ ಸುತ್ತಿತು. ಎರಡನೆಯದರ ಹೊತ್ತಿಗೆ ಕೈ ತಾನಾಗಿಯೇ ನಡೆಯತೊಡಗಿತು. ನಿಧಾನಕ್ಕೆ ತಿನ್ನಬೇಕು, ಇವರು ನೋಡುತ್ತಿದ್ದಾರೆ ಎಂದುಕೊಂಡರೂ ಕೈ ಕೇಳಲಿಲ್ಲ. ತಟ್ಟೆ ಖಾಲಿಯಾಗುವ ಮೊದಲೇ ಸೌಟು ಮತ್ತೆ ಬಂತು. ಬೇಡ ಎನ್ನಲು ಬಾಯಿ ತೆರೆದಳು, ಬಾಯಿ ತುಂಬಿತ್ತು. ಅವಳು ತಲೆ ತಗ್ಗಿಸಿದಳು. ಮೂರನೇ ಸಲ ಬಡಿಸುವಾಗ ಅಡುಗೆಯಕ್ಕನ ಸೌಟಿನಿಂದ ಒಂದು ಹನಿ ಬೇಳೆ ಹಾಳೆಯ ಮೇಲೆ ಬಿದ್ದು ಹರಡಿತು.

ಶಾಲೆ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಕೂಗುತ್ತಾ ಹೊರಗೆ ಬಿದ್ದವು. ಅಡುಗೆಮನೆಯ ಕಿಟಕಿಯಿಂದ ಗೇಟು ನೇರ ಕಾಣುತ್ತಿತ್ತು. ಅತ್ತಿಗೆ ಬಂದು ನಿಂತಿದ್ದಳು. ಮಗನ ಚೀಲ ತಾನು ಹೊತ್ತುಕೊಂಡು, ಅವನ ಕಾಲರು ಸರಿಮಾಡಿ, ಏನೋ ಕೇಳುತ್ತಿದ್ದಳು. ಹುಡುಗ ಬೆರಳು ಮಡಚುತ್ತಾ ಮಧ್ಯಾಹ್ನ ಏನೇನು ತಿಂದೆನೆಂದು ಹೇಳುತ್ತಿರಬೇಕು. ಅತ್ತಿಗೆ ಕತ್ತೆತ್ತಿ ಅಡುಗೆಮನೆಯ ಕಡೆ ನೋಡಿದಳು. ಅಡುಗೆಯಕ್ಕ ಕಂಡಳೇನೋ, ಸೋಮವಾರದ ತನ್ನ ಮಾತು ನೆನಪಾಯಿತೇನೋ, ಸಂಕೋಚದಿಂದ ಸ್ವಲ್ಪ ನಕ್ಕು ಕೈಯೆತ್ತಿದಳು. ಮಾತಾಡಿಸಲು ಬರುವವಳ ಹಾಗೆ ಎರಡು ಹೆಜ್ಜೆ ಈ ಕಡೆ ಇಟ್ಟಳು.

ಅಡುಗೆಯಕ್ಕ ಕಿಟಕಿಯ ಎದುರಿಗೆ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಸ್ಟೂಲಿನ ಮೇಲೆ ಕೂತವಳಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

“ಅಕ್ಕ,” ಎಂದಳು ಸ್ವಿಚ್ಚಕ್ಕ. ತುತ್ತು ನುಂಗಿ ಮತ್ತೆ ಹೇಳಿದಳು. “ಅತ್ತಿಗೆಗೆ ಹೇಳ್ಬೇಡಿ.”

ಅಡುಗೆಯಕ್ಕ ಕೈ ಒರೆಸಿದ ಬಟ್ಟೆಯನ್ನು ಗೇಟು ಮರೆಯಾಗುವ ಹಾಗೆ ಕಿಟಕಿಯ ಸರಳಿಗೆ ಹರವಿ, ಅದರ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಎಳೆದು ಸರಿಮಾಡುತ್ತಿದ್ದಳು.